ಝಾಲೂಕ್ ಆರಿದ ಮೇಲೆ ಸುತ್ತ ನೀರು ಬಿಡುತ್ತೆ, ಎಲ್ಲಿ ತಪ್ಪು?

ಉಪ್ಪುಹುಳಿ:
ಬದನೆ-ಟೊಮೆಟೊ ಬೇಯಿಸಿ ಜಜ್ಜಿ ಮಾಡೋ ಮೊರಾಕೊದ ಝಾಲೂಕ್ ಬಗ್ಗೆ ತಿಳಿದವರು ಹೇಳಿ. ಹಾಕಿದ ಅಳತೆ: ಗುಂಡು ನೇರಳೆ ಬದನೆ 1 ಕೆಜಿ, ನಾಟಿ ಟೊಮೆಟೊ 1 ಕೆಜಿ, ಬೆಳ್ಳುಳ್ಳಿ 6 ಎಸಳು, ಆಲಿವ್ ಎಣ್ಣೆ 4 ದೊಡ್ಡ ಚಮಚ, ಜೀರಿಗೆ ಪುಡಿ, ಪ್ಯಾಪ್ರಿಕಾ, ಕೊತ್ತಂಬರಿ ಸೊಪ್ಪು. ಬದನೆ ಸುಟ್ಟು ಸುಲಿದು, ಟೊಮೆಟೊ ಹೆಚ್ಚಿ ಬೇಯಿಸಿ, ಎರಡನ್ನೂ ಸೇರಿಸಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದ್ದು. ಒಲೆ ಮೇಲೆ ಗಟ್ಟಿಯಾಗೇ ಕಾಣುತ್ತೆ. ತಟ್ಟೆಗೆ ಹಾಕಿ ಅರ್ಧ ಗಂಟೆಗೆ ಸುತ್ತಲೂ ಕೆಂಪು ನೀರು. ಬಣ್ಣ ಇಟ್ಟಿಗೆ ಕೆಂಪಿರಬೇಕಾದ್ದು ಬೂದು ಗುಲಾಬಿ. ನಾಲಿಗೆ ಹಿಂದೆ ಸಣ್ಣ ಕಹಿ ಬೇರೆ.

ಅಟ್ಲಾಸ್_ಅಡುಗೆ:
ಮೂರು ಕಾಯಿಲೆಗೂ ಬೇರೆ ಬೇರೆ ಕಾರಣ ಇದೆ. ನೀರಿನದ್ದು ಮೊದಲು ನೋಡೋಣ.

ಝಾಲೂಕ್‌ನಲ್ಲಿ ಮಾಡೋ ಕೆಲಸವೆಲ್ಲ ನೀರು ಓಡಿಸೋದೇ. ಬದನೆಯಲ್ಲೂ ಟೊಮೆಟೊದಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ. ಒಂದಕ್ಕೊಂದು ಸಮ ತೂಕ ಹಾಕಿದರೆ, ಅದರಲ್ಲೂ ರಸ ಜಾಸ್ತಿ ಇರೋ ನಾಟಿ ಟೊಮೆಟೊ ಆದರೆ, ಒಂದು ಗಂಟೆ ಕುದಿಸಿದರೂ ಸಾಲದು. 1 ಕೆಜಿ ಬದನೆಗೆ 600 ಗ್ರಾಂ ಟೊಮೆಟೊ ಸಾಕು. ಮೊರಾಕೊದಲ್ಲೇ ಟೊಮೆಟೊ ಮುಂದು ಮಾಡೋ ಮನೆಗಳೂ ಇವೆ, ಸಮ ತೂಕಕ್ಕಿಂತ ಹೆಚ್ಚೇ ಹಾಕ್ತಾರೆ. ಅವರು ಅಷ್ಟು ಹೊತ್ತು ಬತ್ತಿಸ್ತಾರೆ ಕೂಡ.

ಎರಡನೇದು, ಎರಡನ್ನೂ ಬೇರೆ ಬೇರೆ ಒಣಗಿಸಿ ಆಮೇಲೆ ಸೇರಿಸಬೇಕು. ನೀರಿರುವಾಗಲೇ ಸೇರಿಸಿದರೆ ಬದನೆ ತಿರುಳು ಸ್ಪಂಜಿನ ಥರ ಟೊಮೆಟೊ ನೀರನ್ನು ಹಿಡಿದಿಟ್ಟುಕೊಳ್ಳುತ್ತೆ, ಬಿಸಿ ಇರುವಾಗ ಗಟ್ಟಿಯಾದ ಹಾಗೆ ಕಾಣುತ್ತೆ. ಆರಿದಾಗ ಬಿಟ್ಟುಕೊಡುತ್ತೆ. ನಿಮಗೆ ಆಗಿರೋದು ಅದೇ.

ಕ್ರಮ ಹೀಗೆ, 1 ಕೆಜಿ ಬದನೆ ಲೆಕ್ಕಕ್ಕೆ:

ಬದನೆ ಸುಟ್ಟು, ಸುಲಿದು, ತಿರುಳನ್ನು ತೂತಿನ ಬುಟ್ಟಿಯಲ್ಲಿ 20 ನಿಮಿಷ ಬಿಡಿ. ಕೆಳಗೆ ಅರ್ಧ ಲೋಟದಷ್ಟು ಕಂದು ನೀರು ಇಳಿದಿರುತ್ತೆ. ಆ ಹೊತ್ತಿಗೆ 600 ಗ್ರಾಂ ಟೊಮೆಟೊ ಅಡ್ಡಕ್ಕೆ ಎರಡು ಹೋಳು ಮಾಡಿ ತುರಿಯೋ ಮಣೆಯ ದಪ್ಪ ಕಣ್ಣಿನ ಮೇಲೆ ಕೊಯ್ದ ಮುಖ ಒತ್ತಿ ತುರಿಯಿರಿ. ತಿರುಳೆಲ್ಲ ಕೆಳಗೆ, ಸಿಪ್ಪೆ ಅಂಗೈಲಿ. ಮೊರಾಕೊದ ಅಡುಗೆಮನೆಯಲ್ಲಿ ಸಿಪ್ಪೆ ತೆಗೆಯೋ ಮಾಮೂಲಿ ದಾರಿ ಇದೇ, ಬಿಸಿನೀರಿಗೆ ಹಾಕಿ ಸುಲಿಯೋ ರಗಳೆ ಇಲ್ಲ.

ಅಗಲ ಬಾಯಿಯ ದಪ್ಪ ತಳದ ಬಾಣಲೆಗೆ 4 ದೊಡ್ಡ ಚಮಚ ಆಲಿವ್ ಎಣ್ಣೆ, ಟೊಮೆಟೊ, ಜಜ್ಜಿದ ಬೆಳ್ಳುಳ್ಳಿ 5-6 ಎಸಳು, ಉಪ್ಪು ಒಂದೂಕಾಲು ಟೀ ಚಮಚ. ಒಗ್ಗರಣೆ ಇಲ್ಲ, ಬೆಳ್ಳುಳ್ಳಿ ಕೆಂಪಗೆ ಹುರಿಯೋದೂ ಇಲ್ಲ. ಮಧ್ಯಮ ಉರಿಯಲ್ಲಿ ಮುಚ್ಚಳ ಇಲ್ಲದೆ 15ರಿಂದ 18 ನಿಮಿಷ. ಐದು ನಿಮಿಷ ಆದ ಮೇಲೆ 1 ದೊಡ್ಡ ಚಮಚ ಪ್ಯಾಪ್ರಿಕಾ, 2 ಟೀ ಚಮಚ ಜೀರಿಗೆ ಪುಡಿ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಮತ್ತು ಪಾರ್ಸ್ಲಿ ತಲಾ ಒಂದು ಹಿಡಿ.

ಯಾವಾಗ ಸಾಕು? ಮಗುಚೋ ಕೈಯನ್ನು ತಳಕ್ಕೆ ತಾಗಿಸಿ ಬಾಣಲೆಯ ಈ ಅಂಚಿಂದ ಆ ಅಂಚಿಗೆ ಎಳೀರಿ. ದಾರಿ ತಕ್ಷಣ ಮುಚ್ಚಿಕೊಂಡರೆ ಇನ್ನೂ ನೀರಿದೆ. ಮೂರ್ನಾಲ್ಕು ಎಣಿಸುವಷ್ಟು ಹೊತ್ತು ತಳ ಕಾಣುತ್ತಾ ಇದ್ದು, ಆ ದಾರಿಯ ಅಂಚಲ್ಲಿ ಕೆಂಪು ಎಣ್ಣೆ ಮಣಿಮಣಿಯಾಗಿ ಕೂತರೆ ಆಯ್ತು. ಗುಳುಗುಳು ಅಂತಿದ್ದ ಸದ್ದು ಚಿಟಿಚಿಟಿಗೆ ತಿರುಗಿರುತ್ತೆ. ಆಗ ಬದನೆ ಹಾಕಿ, ಪಾವ್‌ಭಾಜಿ ಮ್ಯಾಷರ್‌ನಲ್ಲಿ ಒರಟಾಗಿ ಒತ್ತಿ, ಮತ್ತೆ ಸಣ್ಣ ಉರಿಯಲ್ಲಿ 8-10 ನಿಮಿಷ ಮಗುಚಿ. ಎಳೆಯೋ ಪರೀಕ್ಷೆ ಇನ್ನೊಮ್ಮೆ. ಇಳಿಸಿದ ಮೇಲೆ ಅರ್ಧ ನಿಂಬೆಯ ರಸ. ಬಡಿಸುವಾಗ ಮೇಲಿಂದ ಒಂದು ಚಮಚ ಹಸಿ ಆಲಿವ್ ಎಣ್ಣೆ.

ಬೂದು ಬಣ್ಣಕ್ಕೆ ಮಿಕ್ಸಿ ಕಾರಣ. ಗಾಳಿ ಸೇರಿ ಬಣ್ಣ ತಿಳಿಯಾಗುತ್ತೆ, ಬೀಜ ಅರೆದುಹೋಗಿ ಕಹಿ ಬಿಡುತ್ತೆ, ತಿರುಳು ಅಂಟಂಟಾಗುತ್ತೆ. ಮಿಕ್ಸಿ ಮುಟ್ಟಲೇಬೇಡಿ.

ಸುಟ್ಟಬದನೆ:
ಕ್ರಮ ಒಪ್ಪಿದೆ, ಆದರೆ ಆ ಕಂದು ನೀರು ಪೂರ್ತಿ ಚೆಲ್ಲೋದು ಬೇಡ. ಹೊಗೆ ವಾಸನೆ ಅರ್ಧ ಅದರಲ್ಲೇ ಇರುತ್ತೆ. ನಾಲಿಗೆಗೆ ಒಂದು ಹನಿ ಹಾಕಿ ನೋಡಿ. ಕಹಿ ಇಲ್ಲ ಅಂದರೆ ಕುದಿಯೋ ಟೊಮೆಟೊಗೆ ಸೇರಿಸಿ, ಅದರ ಜೊತೆಗೇ ಬತ್ತುತ್ತೆ. ಕಹಿ ಇದ್ದರೆ ಮಾತ್ರ ಚೆಲ್ಲಿ.

ಸುಡೋದರಲ್ಲೂ ತಪ್ಪಾಗುತ್ತೆ. 300-350 ಗ್ರಾಂ ತೂಗೋ ಒಂದೊಂದೇ ಬದನೆ ತಗೊಳ್ಳಿ, ಅರ್ಧ ಕೆಜಿಯ ದೈತ್ಯ ಬೇಡ. ದೊಡ್ಡದು ಹೊರಗೆ ಬೂದಿಯಾದರೂ ಒಳಗೆ ಹಸಿ ಉಳಿಯುತ್ತೆ. ಕೈಲಿ ಎತ್ತಿದರೆ ಗಾತ್ರಕ್ಕೆ ಹಗುರ ಅನ್ನಿಸಬೇಕು, ಸಿಪ್ಪೆ ಬಿಗಿಯಾಗಿ ಹೊಳೀತಿರಬೇಕು. ಮಂಕಾಗಿ ಭಾರವಾಗಿದ್ದರೆ ಬಲಿತ ಕಾಯಿ, ಬೀಜ ಕಂದು ತಿರುಗಿರುತ್ತೆ, ಕಹಿ ಅಲ್ಲಿಂದಲೇ.

ಫೋರ್ಕಲ್ಲಿ ನಾಲ್ಕೈದು ಕಡೆ ಚುಚ್ಚಿ, ಇಲ್ಲದಿದ್ದರೆ ಒಳಗಿನ ಆವಿಗೆ ಸಿಡಿಯುತ್ತೆ. ಗ್ಯಾಸ್ ಒಲೆಯಲ್ಲಿ ಮಧ್ಯಮ ಉರಿ, ಮೂರ್ನಾಲ್ಕು ನಿಮಿಷಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಾ 15-18 ನಿಮಿಷ. ಎಲ್ಲರೂ ಮರೆಯೋ ಜಾಗ ತೊಟ್ಟಿನ ಬುಡ. ಹೊಟ್ಟೆಭಾಗ ಕುಸಿದ ಮೇಲೂ ಅಲ್ಲಿ ಗಟ್ಟಿ ಉಳಿದಿರುತ್ತೆ. ಇಕ್ಕಳದಲ್ಲಿ ಹಿಡಿದು ತೊಟ್ಟನ್ನೇ ಉರಿಗೆ ಒಡ್ಡಿ ಎರಡು ನಿಮಿಷ ನಿಲ್ಲಿಸಿ, ಚಾಕು ತುದಿ ತಡೆಯಿಲ್ಲದೆ ಇಳೀಬೇಕು. ಆಮೇಲೆ ಪಾತ್ರೆಗೆ ಹಾಕಿ 10 ನಿಮಿಷ ತಟ್ಟೆ ಮುಚ್ಚಿ. ಬೆವರಿ ಸಿಪ್ಪೆ ತಾನಾಗಿ ಬಿಡುತ್ತೆ.

ಸುಲಿಯುವಾಗ ನಲ್ಲಿ ಕೆಳಗೆ ಹಿಡಿದು ತೊಳೆಯೋರಿಗೆ ಒಂದು ಮಾತು: ತೊಳೆದದ್ದು ಕರಿ ಮಾತ್ರ ಅಲ್ಲ, ಹೊಗೆಯೂ ಹೋಯ್ತು, ಮೇಲಿಂದ ನೀರೂ ಸೇರಿತು. ಒದ್ದೆ ಕೈಯಲ್ಲಿ ಒರೆಸಿ ತೆಗೀರಿ. ಅಲ್ಲೊಂದು ಇಲ್ಲೊಂದು ಕಪ್ಪು ಚೂರು ಉಳಿದರೆ ಉಳೀಲಿ. ಸಿಪ್ಪೆಯ ಹಾಳೆಗಳೇ ಉಳಿದರೆ ಮಾತ್ರ ಕಹಿ.

ಉತ್ತರದಾಕಿ:
ಎಲ್ಲಾ ಓದಿದೆ. ಇದು ನಮ್ಮ ಬದನಿಕಾಯಿ ಭರ್ತಾನ ಅಲ್ಲೇನ್ರಿ? ಸುಟ್ಟ ಬದನಿ, ಟೊಮೆಟೊ, ಬಳ್ಳೊಳ್ಳಿ, ಕೊತಂಬ್ರಿ. ಬರೇ ಹೆಸರು ಬ್ಯಾರೆ ಅದ.

ಅಟ್ಲಾಸ್_ಅಡುಗೆ:
ಹತ್ತಿರದ ನೆಂಟರೇ, ಆದರೆ ಒಂದೇ ಮನೆಯವರಲ್ಲ. ಝಾಲೂಕ್‌ನಲ್ಲಿ ಈರುಳ್ಳಿ ಇಲ್ಲ, ಹಸಿಮೆಣಸಿನಕಾಯಿ ಇಲ್ಲ, ಸಾಸಿವೆ-ಇಂಗು ಇಲ್ಲ, ಅರಿಶಿನ ಇಲ್ಲ. ನಮ್ಮಲ್ಲಿ ಎಣ್ಣೆ ಕಾಯಿಸಿ ಜೀರಿಗೆ ಚಟಪಟ ಅನ್ನಿಸೋದರಿಂದ ಶುರು. ಅಲ್ಲಿ ಜೀರಿಗೆ ಹುರಿಯೋದೇ ಇಲ್ಲ, ಹಸಿ ಜೀರಿಗೆಯ ಪುಡಿ ನೇರ ಟೊಮೆಟೊ ಒದ್ದೆಗೆ ಬೀಳುತ್ತೆ. ಹುರಿದು ಪುಡಿ ಮಾಡಿ ಹಾಕಿದರೆ ರುಚಿ ತಕ್ಷಣ ಉತ್ತರ ಭಾರತದ ಕಡೆ ವಾಲುತ್ತೆ. ಮೊರಾಕೊದ ಆಗ್ನೇಯದಲ್ಲಿರೋ ಅಲ್ನಿಫ್ ಊರಿನ ಜೀರಿಗೆಗೆ ಅಲ್ಲಿ ದೊಡ್ಡ ಹೆಸರು. ಊಟದ ಮೇಜಿನ ಮೇಲೆ ಉಪ್ಪಿನ ಪಕ್ಕ ಜೀರಿಗೆ ಪುಡಿಯ ಬಟ್ಟಲು ಇಡೋ ಜನ ಅವರು.

ಇನ್ನೊಂದು ವ್ಯತ್ಯಾಸ ಬಡಿಸೋ ರೀತಿ. ಇದು ಪಲ್ಯ ಅಲ್ಲ, ಅಲ್ಲಿ ಇದನ್ನು ಸಲಾಡ್ ಅಂತಲೇ ಕರೀತಾರೆ. ಬೇಯಿಸಿದ ಸಲಾಡ್. ಟಜೀನ್ (ಮಣ್ಣಿನ ಪಾತ್ರೆಯಲ್ಲಿ ನಿಧಾನ ಬೇಯಿಸೋ ಮುಖ್ಯ ಅಡುಗೆ) ಬರೋ ಮೊದಲು ಸಣ್ಣ ತಟ್ಟೆಗಳಲ್ಲಿ ನಾಲ್ಕೈದು ಥರ ಇಡ್ತಾರೆ. ಕಾಡುಸೊಪ್ಪಿನ ಬಕ್ಕೂಲಾ, ಸುಟ್ಟ ದೊಣ್ಣೆಮೆಣಸು ಮತ್ತು ಟೊಮೆಟೊದ ತಕ್ತೂಕಾ, ಗಜ್ಜರಿ, ಬೀಟ್ರೂಟ್, ಜೊತೆಗೆ ಇದು. ಬಿಸಿಬಿಸಿ ಕೊಡೋದಿಲ್ಲ, ಆರಿಸಿಯೇ. ಖೊಬ್ಜ್ ಅನ್ನೋ ದುಂಡು ರೊಟ್ಟಿ ಮುರಿದು ಅದರಲ್ಲೇ ಬಾಚಿ ತಿನ್ನೋದು.

ಬದನೆಗೆ ಅಲ್ಲಿನ ಆಡುಮಾತಿನಲ್ಲಿ ದಂಜಾಲ್, ಟೊಮೆಟೊಗೆ ಮತೀಶಾ. ಈ ದಂಜಾಲ್‌ನ ಹಿಂದೆ ಅರಬ್ಬಿಯ ಬಾದಿಂಜಾನ್, ಅದರ ಹಿಂದೆ ಪರ್ಷಿಯನ್, ಅದಕ್ಕೂ ಹಿಂದೆ ಸಂಸ್ಕೃತದ ವಾತಿಂಗಣ. ಆ ಪದಕ್ಕೂ ದ್ರಾವಿಡ ಮೂಲವೇ ಇರಬೇಕು ಅನ್ನೋ ಭಾಷಾತಜ್ಞರು ಇದ್ದಾರೆ, ನಮ್ಮ ಬದನೆಯನ್ನೂ ಅದೇ ಗುಂಪಿಗೆ ಸೇರಿಸ್ತಾರೆ. ಅರಬ್ಬಿಯಿಂದ ಪೋರ್ಚುಗೀಸರಿಗೆ ಹೋಗಿ ಅವರ ಹಡಗಲ್ಲಿ ಬ್ರಿಂಜಾಲ್ ಆಗಿ ವಾಪಸ್ ಬಂದದ್ದೂ ಇದೇ ಪದ. ಆ ಲೆಕ್ಕದಲ್ಲಿ ನಿಮ್ಮ ಮಾತು ಪೂರ್ತಿ ಸುಳ್ಳಲ್ಲ ಅಕ್ಕ.

ಉತ್ತರದಾಕಿ:
ಆತು, ಒಪ್ಪಿದೆ. ಒಂದು ಅನುಕೂಲದ ಮಾತು ಹೇಳ್ತೀನಿ. ಖೊಬ್ಜ್ ಸಿಗಲಿಲ್ಲಂದ್ರ ಚಪಾತಿ ತಗೋಬ್ಯಾಡ್ರಿ, ಮೆತ್ತಗ ಮಡಚಿಕೊಂಡು ಬಾಚಾಕ ಬರೂದಿಲ್ಲ. ಕಡಕ್ ಜ್ವಾಳದ ರೊಟ್ಟಿ ಮುರಿದು ಬಾಚ್ರಿ. ಇಲ್ಲಾ ಪಾವ್ ಉದ್ದಕ ಕೊಯ್ದು ಹಂಚಿನ ಮ್ಯಾಲ ಎಣ್ಣಿ ಇಲ್ಲದ ಸುಡ್ರಿ.

ಕರಾವಳಿ_ಕಾವಲಿ:
ಮಟ್ಟುಗುಳ್ಳದಲ್ಲಿ ಮಾಡಬಹುದಾ? ಉಡುಪಿ ಕಡೆ ಸೀಸನ್‌ನಲ್ಲಿ ಅದೇ ಕೈಗೆ ಸಿಗೋದು. ಮತ್ತೆ ನಮ್ಮದು ಇಂಡಕ್ಷನ್ ಒಲೆ, ಸುಡ್ಲಿಕ್ಕೆ ಆಗುದಿಲ್ಲ.

ಸುಟ್ಟಬದನೆ:
ಗುಳ್ಳ ಸುಡಬೇಡಿ. ಸಿಪ್ಪೆ ತೆಳು, ತಿರುಳಿಗೇ ಅಂಟಿಕೊಂಡು ಬರುತ್ತೆ. ಹಬೆಯಲ್ಲಿ ಬೇಯಿಸಿ ಮಾಡಿದರೆ ಚೆನ್ನಾಗಿರುತ್ತೆ, ಬೇಗ ಕರಗುತ್ತೆ. ಬಣ್ಣ ಮಾತ್ರ ನೇರಳೆ ಬದನೆಯಷ್ಟು ಗಾಢ ಬರಲ್ಲ.

ಅಟ್ಲಾಸ್_ಅಡುಗೆ:
ಸುಡಲೇಬೇಕು ಅನ್ನೋ ನಿಯಮವೇ ಇಲ್ಲ, ಇದನ್ನು ಒತ್ತಿ ಹೇಳ್ತೀನಿ. ಇಲ್ಲಿ ಎಲ್ಲರೂ ಹೊಗೆ ಹೊಗೆ ಅಂತಿದ್ದಾರೆ. ಮೊರಾಕೊದ ಎಷ್ಟೋ ಮನೆಗಳಲ್ಲಿ ದಿನನಿತ್ಯದ ಝಾಲೂಕ್ ಹಬೆಯಲ್ಲಿ ಅಥವಾ ನೀರಲ್ಲಿ ಬೇಯಿಸಿದ್ದೇ, ಇಲ್ಲವೇ ಎಲ್ಲವನ್ನೂ ಒಂದೇ ಬಾಣಲೆಗೆ ಹಾಕಿ ಮುಚ್ಚಿಟ್ಟದ್ದು. ಸುಟ್ಟದ್ದು ಒಂದು ರುಚಿ, ಹಬೆಯದ್ದು ಇನ್ನೊಂದು. ಹಬೆಯದರಲ್ಲಿ ಜೀರಿಗೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಮುಂದೆ ಬರುತ್ತೆ. ಸುಟ್ಟದ್ದರಲ್ಲಿ ಹೊಗೆ ಮುಂದೆ, ಉಳಿದದ್ದು ಹಿಂದೆ.

ಇಂಡಕ್ಷನ್‌ನವರಿಗೆ ಇಡ್ಲಿ ಪಾತ್ರೆಗಿಂತ ಒಳ್ಳೆ ಸಲಕರಣೆ ಬೇಡ. ಸಿಪ್ಪೆಯನ್ನು ಪಟ್ಟೆಪಟ್ಟೆಯಾಗಿ ಅರ್ಧ ಹೆರೆದು, ಒಂದಿಂಚಿನ ಹೋಳು ಮಾಡಿ, ತೂತಿನ ತಟ್ಟೆಯಲ್ಲಿ ಒಂದೇ ಪದರ ಹರಡಿ 15 ನಿಮಿಷ. ಬೆರಳಲ್ಲಿ ಒತ್ತಿದರೆ ಜಜ್ಜಿಹೋಗಬೇಕು. ಬುಟ್ಟಿಗೆ ಸುರಿದು 15 ನಿಮಿಷ ಬಿಟ್ಟು, ಮೇಲಿಂದ ಸೌಟಿನ ಬೆನ್ನಲ್ಲಿ ಹಗುರವಾಗಿ ಒತ್ತಿ. ಹಬೆಯದರಲ್ಲಿ ನೀರು ಇನ್ನೂ ಜಾಸ್ತಿ, ಹಾಗಾಗಿ ಕೊನೆಯ ಮಗುಚುವಿಕೆ 10 ನಿಮಿಷದ ಬದಲು 15. ಓವನ್ ಇದ್ದವರು ಬದನೆ ಉದ್ದಕ್ಕೆ ಸೀಳಿ, ಕೊಯ್ದ ಮುಖ ಕೆಳಗೆ ಮಾಡಿ, 220 ಡಿಗ್ರಿಯಲ್ಲಿ 40 ನಿಮಿಷ ಇಟ್ಟರೆ ನೀರಿನ ತಲೆನೋವೇ ಬಹುಪಾಲು ಮುಗೀತು.

ಎಣ್ಣೆಯಲ್ಲಿ ಕರಿದು ಮಾಡೋದು ಬೇಡ. ಹಸಿ ಬದನೆಯ ತಿರುಳಿನ ತುಂಬ ಗಾಳಿಗೂಡುಗಳು, ಹಾಕಿದಷ್ಟು ಎಣ್ಣೆ ಕುಡಿಯುತ್ತೆ. ಬೆಂದು ಗೂಡು ಕುಸಿದಾಗ ಅಷ್ಟನ್ನೂ ಕಕ್ಕುತ್ತೆ, ತಟ್ಟೆ ತುಂಬ ಎಣ್ಣೆ. ಹಬೆಯಲ್ಲಿ ಮೊದಲೇ ಗೂಡು ಕುಸಿದಿರೋದರಿಂದ 4 ಚಮಚದಲ್ಲಿ ಕೆಲಸ ಆಗುತ್ತೆ.

ಉಪ್ಪುಹುಳಿ:
ಒಂದೇ ಬಾಣಲೆಯ ವಿಧಾನ ಅಂದಿರಲ್ಲ, ಅದರಲ್ಲಿ 40 ನಿಮಿಷ ಆದರೂ ಬದನೆ ಹೋಳು ಅಂಚಲ್ಲಿ ಗಟ್ಟಿ ಉಳಿಯೋದು ಯಾಕೆ? ಹೋಳು ಸಣ್ಣದೇ ಇರುತ್ತೆ.

ಬತ್ತಿದ_ರಸ:
ಟೊಮೆಟೊ ಹುಳಿ ಕಾರಣ. ತರಕಾರಿಯ ಕೋಶಗಳನ್ನು ಹಿಡಿದಿಡೋ ಅಂಟು ಪೆಕ್ಟಿನ್. ಹುಳಿ ಇದ್ದ ಕಡೆ ಅದು ಕರಗೋದು ನಿಧಾನ. ಹುಣಸೆರಸ ಮೊದಲೇ ಹಾಕಿದರೆ ಹುಳಿಯಲ್ಲಿ ತರಕಾರಿ ಬೇಯಲ್ಲ ಅಂತ ನಮ್ಮ ಅಡುಗೆಯಲ್ಲಿ ಎಲ್ಲರಿಗೂ ಗೊತ್ತಲ್ಲ, ಅದೇ ಇಲ್ಲೂ. ಡಬ್ಬಿಯ ಹೆಚ್ಚಿದ ಟೊಮೆಟೊ ಬಳಸಿದರೆ ಇನ್ನೂ ಕಷ್ಟ. ಹೋಳು ಆಕಾರ ಬಿಡದಿರಲಿ ಅಂತ ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿರೋದು ಸಾಮಾನ್ಯ, ಅದು ಬದನೆಯನ್ನೂ ಬಿಗಿ ಮಾಡುತ್ತೆ. ಡಬ್ಬಿ ಮೇಲಿನ ಪಟ್ಟಿ ಓದಿ, ಇಡೀ ಟೊಮೆಟೊ ಅಥವಾ ಅರೆದದ್ದು ತಗೊಳ್ಳಿ.

ಒಂದೇ ಬಾಣಲೆಯಲ್ಲಿ ಮಾಡೋದಾದರೆ ಬದನೆ ಹೋಳು, ಎಣ್ಣೆ, ಉಪ್ಪು, ಕಾಲು ಲೋಟ ನೀರು ಹಾಕಿ ಮುಚ್ಚಳ ಮುಚ್ಚಿ 12 ನಿಮಿಷ ಬೇಯಿಸಿ. ಮೆತ್ತಗಾದ ಮೇಲೆ ಟೊಮೆಟೊ. ಮತ್ತೆ 15 ನಿಮಿಷ ಮುಚ್ಚಿ, ಜಜ್ಜಿ, ಮುಚ್ಚಳ ತೆಗೆದು ಬತ್ತಿಸಿ.

ನಿಂಬೆರಸ ಕೊನೆಗೆ ಯಾಕೆ ಅನ್ನೋದಕ್ಕೆ ಕಾರಣವೂ ಇದರಲ್ಲೇ ಅರ್ಧ ಸಿಕ್ಕಿತು. ಉಳಿದರ್ಧ: ಕುದಿಸಿದರೆ ಅದರ ಪರಿಮಳ ಆವಿಯಾಗಿ ಬರೀ ಹುಳಿ ಉಳಿಯುತ್ತೆ.

ಕರಾವಳಿ_ಕಾವಲಿ:
ಪ್ಯಾಪ್ರಿಕಾ ಬದಲಿಗೆ ಬ್ಯಾಡಗಿ ಆಗ್ತದಾ? ಮತ್ತೆ ಸ್ಮೋಕ್ಡ್ ಪ್ಯಾಪ್ರಿಕಾ ಅಂತ ಒಂದು ಡಬ್ಬಿ ಸಿಕ್ಕಿದೆ.

ಅಟ್ಲಾಸ್_ಅಡುಗೆ:
ಹೊಗೆ ಹಾಕಿದ ಪ್ಯಾಪ್ರಿಕಾ ಸ್ಪೇನಿನದ್ದು, ಝಾಲೂಕ್‌ಗೆ ಹಾಕೋದು ಖಾರವಿಲ್ಲದ ಸಾದಾ ಕೆಂಪು ಪುಡಿ. ಸುಟ್ಟ ಬದನೆಗೆ ಆ ಡಬ್ಬಿಯದ್ದನ್ನು ಹಾಕಿದರೆ ಹೊಗೆಯ ಮೇಲೆ ಹೊಗೆ, ಇದ್ದಿಲು ತಿಂದ ಹಾಗಿರುತ್ತೆ. ಹಬೆಯ ಬದನೆಗಾದರೆ ಕಾಲು ಟೀ ಚಮಚ ಹಾಕಿ ನೋಡಬಹುದು, ಅಡ್ಡದಾರಿ ಅಷ್ಟೆ.

ಬ್ಯಾಡಗಿ ಆಗುತ್ತೆ. ಬಣ್ಣ ಜಾಸ್ತಿ, ಖಾರ ಕಮ್ಮಿ ಇರೋ ಮೆಣಸಿನಕಾಯಿ ಅದಕ್ಕಿಂತ ಇನ್ನೊಂದಿಲ್ಲ. ಆದರೂ ಪ್ಯಾಪ್ರಿಕಾದಷ್ಟು ಸಪ್ಪೆ ಅಲ್ಲ. ಬೀಜ ಉದುರಿಸಿ ಪುಡಿ ಮಾಡಿ, 1 ದೊಡ್ಡ ಚಮಚದ ಜಾಗದಲ್ಲಿ 2 ಟೀ ಚಮಚ. ಬಿಸಿ ಎಣ್ಣೆಗೆ ನೇರ ಹಾಕಬೇಡಿ. ಪುಡಿ ಸಣ್ಣದು, ಸಕ್ಕರೆ ಅಂಶ ಇರುತ್ತೆ, ಹತ್ತು ಎಣಿಸೋದರೊಳಗೆ ಕಂದಾಗಿ ಕಹಿ. ಟೊಮೆಟೊ ಒದ್ದೆ ಇರುವಾಗಲೇ ಹಾಕಬೇಕು.

ಪಾರ್ಸ್ಲಿ ಸಿಗದಿದ್ದರೆ ಕೊತ್ತಂಬರಿಯನ್ನೇ ಒಂದೂವರೆ ಹಿಡಿ ಹಾಕಿ, ಎಳೆ ದಂಟು ಸಮೇತ. ಎರಡು ಹಿಡಿ ಹಾಕಿದರೆ ಚಟ್ನಿ ಆಗುತ್ತೆ. ಪುದೀನ ಬೇಡ. ಗರಂ ಮಸಾಲೆಯ ಆಸೆಗೆ ಅಲ್ಲಿನ ಮಸಾಲೆಪುಡಿ ರಾಸ್ ಎಲ್ ಹಾನೂತ್ ಹಾಕೋರೂ ಇದ್ದಾರೆ, ಅದು ಮಾಂಸದ ಟಜೀನ್‌ಗೆ ಇರಲಿ. ಎಳ್ಳಿನ ತಹೀನಿ ಹಾಕಿದರೆ ಅದು ಲೆಬನಾನ್-ಸಿರಿಯಾ ಕಡೆಯ ಬೇರೆ ತಿನಿಸಾಯ್ತು.

ಬತ್ತಿದ_ರಸ:
ಉಪ್ಪಿನಲ್ಲಿ ಹಾಕಿಟ್ಟ ನಿಂಬೆಯ ವಿಷಯ ಯಾರೂ ಎತ್ತಲಿಲ್ಲ. ಮೊರಾಕೊದಲ್ಲಿ ನಿಂಬೆರಸದ ಬದಲು ಅದರ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕೋರಿದ್ದಾರೆ. ನಮ್ಮಲ್ಲಿ ಖಾರ ಹಾಕದೆ ಬರೀ ಉಪ್ಪಲ್ಲಿ ಬಿಸಿಲಿಗಿಟ್ಟ ನಿಂಬೆಕಾಯಿ ಇದ್ದರೆ ಒಂದು ಹೋಳು ತೊಳೆದು, ತಿರುಳು ತೆಗೆದು, ಸಿಪ್ಪೆ ಮಾತ್ರ ಹಾಕಿ. ಅರಿಶಿನ, ಇಂಗು, ಮೆಂತ್ಯ ಬಿದ್ದಿದ್ದರೆ ಬೇಡವೇ ಬೇಡ. ಹಾಕೋದಾದರೆ ಟೊಮೆಟೊಗೆ ಹಾಕೋ ಉಪ್ಪನ್ನು ಮುಕ್ಕಾಲು ಟೀ ಚಮಚಕ್ಕೆ ಇಳಿಸಿ.

ಉತ್ತರದಾಕಿ:
ಎಣ್ಣಿ ಮ್ಯಾಲ ತೇಲೂಹಂಗ ಹಾಕಿ ಬಾಟಲಿ ತುಂಬಿ ಇಟ್ರ ಉಪ್ಪಿನಕಾಯಿ ಗತೆ ತಿಂಗಳಗಟ್ಟಲೆ ಇರ್ತದೇನ್ರಿ?

ಬತ್ತಿದ_ರಸ:
ಇಲ್ಲ ಅಕ್ಕ, ಅದು ಅಪಾಯ. ಉಪ್ಪಿನಕಾಯಿಯನ್ನು ಕಾಯೋದು ಅದರ ಉಪ್ಪು ಮತ್ತು ಹುಳಿ. ಇಲ್ಲಿ ಎರಡೂ ಅಷ್ಟಿಲ್ಲ, ಬದನೆಗೆ ಹುಳಿಯೇ ಇಲ್ಲ, ಮೇಲೆ ಬೆಳ್ಳುಳ್ಳಿ. ಎಣ್ಣೆ ಮುಚ್ಚಿದರೆ ಒಳಗೆ ಗಾಳಿ ಹೋಗಲ್ಲ. ಗಾಳಿಯಿಲ್ಲದ ಕಡೆಯೇ ಬೆಳೆಯೋ ಬಾಟ್ಯುಲಿಸಂ ರೋಗಾಣುವಿಗೆ ಅದು ಹೇಳಿಮಾಡಿಸಿದ ಜಾಗ, ವಾಸನೆ-ಬಣ್ಣದಲ್ಲಿ ಗೊತ್ತೂ ಆಗದಿರಬಹುದು. ಆರಿದ ಕೂಡಲೆ ಫ್ರಿಜ್, 3-4 ದಿನ. ಇನ್ನೂ ಬೇಕಿದ್ದರೆ ಫ್ರೀಜರ್‌ನಲ್ಲಿ ಒಂದೊಂದು ಊಟದ ಪಾಲು ಮಾಡಿ ಇಡಿ. ಕರಗಿದಾಗ ಸ್ವಲ್ಪ ನೀರು ಬಿಡುತ್ತೆ, ಬಾಣಲೆಯಲ್ಲಿ ಮೂರು ನಿಮಿಷ ಮಗುಚಿದರೆ ಸರಿಹೋಗುತ್ತೆ.

ಉಪ್ಪುಹುಳಿ:
ಹೇಳಿದ ಅಳತೆಯಲ್ಲೇ ಮಾಡಿ ತೂಗಿದ ಲೆಕ್ಕ: 1 ಕೆಜಿ ಬದನೆ ಸುಟ್ಟು ಸುಲಿದು ಸೋಸಿದ ಮೇಲೆ 570 ಗ್ರಾಂ. ತುರಿದ ಟೊಮೆಟೊ 510 ಗ್ರಾಂ ಇದ್ದದ್ದು ಬತ್ತಿ 240. ಸೇರಿಸಿ ಮಗುಚಿದ ಮೇಲೆ ಒಟ್ಟು 720 ಗ್ರಾಂ. ತಟ್ಟೆಯಲ್ಲಿ ಎರಡು ಗಂಟೆ ಆಯ್ತು, ನೀರು ಬಿಟ್ಟಿಲ್ಲ, ಅಂಚಲ್ಲಿ ಕೆಂಪು ಎಣ್ಣೆ ಮಾತ್ರ. ಕಹಿಯೂ ಇಲ್ಲ, ಬಣ್ಣ ಇಟ್ಟಿಗೆ ಕೆಂಪೇ. ಜೀರಿಗೆ ಮಾತ್ರ ಸ್ವಲ್ಪ ಮುಂದಾಗಿದೆ, ಉಪ್ಪು ಸಾಲದು ಅನ್ನಿಸ್ತು, ಇನ್ನೊಂದು ಚಿಟಿಕೆ ಹಾಕಲಾ?

ಅಟ್ಲಾಸ್_ಅಡುಗೆ:
ಈಗ ಏನೂ ಹಾಕಬೇಡಿ. ಮುಚ್ಚಿ ಫ್ರಿಜ್‌ನಲ್ಲಿಡಿ. ನಾಳೆ ಮಧ್ಯಾಹ್ನ ತಿನ್ನೋ ಅರ್ಧ ಗಂಟೆ ಮೊದಲು ಹೊರಗೆ ತೆಗೆದು ರುಚಿ ನೋಡಿ. ಅಷ್ಟರಲ್ಲಿ ಜೀರಿಗೆ ತಿರುಳಿಗೆ ಇಳಿದು ತಣ್ಣಗಾಗಿರುತ್ತೆ. ಆಗಲೂ ಉಪ್ಪು ಕಮ್ಮಿ ಅನ್ನಿಸಿದರೆ ಮೊದಲು ನಾಲ್ಕು ಹನಿ ನಿಂಬೆ ಹಿಂಡಿ, ಉಪ್ಪು ಆಮೇಲೆ.